ಟ್ಯಾಪೆಟ್ ಗ್ಯಾಪ್ ತಾನಾಗಿಯೇ ಕಡಿಮೆ ಆಗ್ತಿದ್ಯಾ? ಹಳೇ ಇಂಜಿನ್‌ಗೆ ಪಾರ್ಟ್ಸ್ ತರುವ ಮೊದಲು ಇದನ್ನು ನೋಡಿ

ಬಳ್ಳಾರಿ, ತೋರಣಗಲ್ಲು, ಸಂಡೂರು ಕಡೆ ಹಳೇ ಅಂಬಾಸಿಡರ್, ಪದ್ಮಿನಿ ಇಟ್ಟುಕೊಂಡವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಇಂಜಿನ್ ಕೆಲಸ ಮಾಡಿಸಿ ವರ್ಷ ಆಗಿಲ್ಲ, ಮತ್ತೆ ಟ್ಯಾಪೆಟ್ ಸೌಂಡು, ಪಿಕಪ್ ಇಲ್ಲ, ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಒಂದು ಸಿಲಿಂಡರ್ ಮಿಸ್ ಹೊಡೆಯುತ್ತದೆ. ಹೊಸ ವಾಲ್ವ್ ಹಾಕಿಸಿದ್ದಾಯಿತು, ಗೈಡು ಹಾಕಿಸಿದ್ದಾಯಿತು, ಇನ್ನೇನು ಹಾಕಿಸಬೇಕು?

ಏನು ಹಾಕಬೇಕು ಅನ್ನುವುದು ಆಮೇಲಿನ ಮಾತು. ಯಾವುದು ಸವೆದಿದೆ, ಯಾಕೆ ಸವೆದಿದೆ ಅನ್ನುವುದು ಮೊದಲು ಗೊತ್ತಾಗಬೇಕು. ವಾಲ್ವ್ ಕಡೆಯ ಯಾವ ಪಾರ್ಟೂ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಕ್ಯಾಮ್ ತಿರುಗಿ ಟ್ಯಾಪೆಟನ್ನು ಎತ್ತುತ್ತದೆ, ಟ್ಯಾಪೆಟ್ ಪುಶ್‌ರಾಡ್ ಅನ್ನುವ ಕಡ್ಡಿಯನ್ನು, ಕಡ್ಡಿ ರಾಕರನ್ನು ತಳ್ಳುತ್ತದೆ, ರಾಕರ್ ವಾಲ್ವನ್ನು ಒತ್ತಿ ತೆರೆಯುತ್ತದೆ. ವಾಲ್ವ್ ಗೈಡಿನೊಳಗೆ ಜಾರುತ್ತದೆ, ಸೀಟಿನ ಮೇಲೆ ಕೂತು ಮುಚ್ಚುತ್ತದೆ. ಕ್ಯಾಮು ಮತ್ತು ಟ್ಯಾಪೆಟ್ ಒಂದು ಜೋಡಿ, ರಾಕರ್ ಬುಷ್ ಮತ್ತು ಶಾಫ್ಟ್ ಇನ್ನೊಂದು ಜೋಡಿ, ಗೈಡು, ವಾಲ್ವ್, ಸೀಟು ಮೂರೂ ಸೇರಿ ಒಂದು ಸೆಟ್ಟು. ಸೆಟ್‌ನಲ್ಲಿ ಒಂದನ್ನು ಮಾತ್ರ ಹೊಸದು ಹಾಕಿ ಉಳಿದದ್ದನ್ನು ಹಳೇದೇ ಬಿಟ್ಟರೆ ಹೊಸದು ಬೇಗ ಹೋಗುತ್ತದೆ. ನಮ್ಮ ಕಡೆ ಮತ್ತೆ ಮತ್ತೆ ಹೆಡ್ (ಸಿಲಿಂಡರ್ ಮೇಲಿನ ಮುಚ್ಚಳ) ಬಿಚ್ಚಿಸುವ ಗಾಡಿಗಳಲ್ಲಿ ನಾನು ನೋಡುವುದು ಬಹುಪಾಲು ಇದನ್ನೇ.

ಇಲ್ಲಿ ಮುಖ್ಯವಾಗಿ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಇಂಜಿನ್ ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಂದರೆ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್. ಪದ್ಮಿನಿಯ 1089 ಸಿಸಿ ಇಂಜಿನ್ನೂ ಪುಶ್‌ರಾಡ್ ಇರುವುದೇ, ಹಾಗಾಗಿ ತತ್ವ ಅದೇ, ಆದರೆ ಅಳತೆಗಳು ಬೇರೆ. ಇಸುಝು 1.8 ಲೀಟರ್ ಇಂಜಿನ್ ಇರುವ ಅಂಬಾಸಿಡರ್‌ನಲ್ಲಿ ಕ್ಯಾಮ್ ಮೇಲೇ ಇರುತ್ತದೆ, ಅದಕ್ಕೆ ಇದನ್ನು ಹಾಗೇ ಹಚ್ಚಬೇಡಿ. ಇನ್ನೊಂದು, ಕೆಳಗೆ ‘ಗ್ಯಾಪ್’ ಅಂದರೆ ರಾಕರ್‌ಗೂ ವಾಲ್ವ್ ತುದಿಗೂ ನಡುವಿನ ಗ್ಯಾಪ್, ‘ಟ್ಯಾಪೆಟ್’ ಅಂದರೆ ಕ್ಯಾಮ್ ಮೇಲೆ ಕೂರುವ ತುಂಡು.

ಸ್ಪಾನರ್ ಹಚ್ಚುವ ಮೊದಲು ಬರೆದಿಟ್ಟುಕೊಳ್ಳಿ

ಗ್ಯಾರೇಜಿಗೆ ಹೋಗಿ “ಮೇಸ್ತ್ರಿ, ಟ್ಯಾಪೆಟ್ ಭಾಳ ಬಡೀತೈತ್ರೀ, ಸ್ವಲ್ಪ ಟೈಟ್ ಮಾಡ್ರಿ” ಅಂತೀವಿ, ಅವರು ಕವರ್ ಬಿಚ್ಚಿ ಎಂಟೂ ಸ್ಕ್ರೂ ಸೆಟ್ ಮಾಡಿ ಕಳಿಸುತ್ತಾರೆ. ಸೌಂಡು ಹೋಯಿತು. ಜೊತೆಗೆ ಇಂಜಿನ್ ಹೇಳುತ್ತಿದ್ದ ಮಾತೂ ಹೋಯಿತು. ಸೆಟ್ ಮಾಡುವ ಮೊದಲು ಇದ್ದ ಎಂಟು ಗ್ಯಾಪ್‌ಗಳೇ ನಿಮಗೆ ಸಿಗುವ ಅತಿ ಒಳ್ಳೆಯ ಸುಳಿವು, ಅದನ್ನು ಅಳೆಯದೆ ಸ್ಕ್ರೂ ಮುಟ್ಟಬಾರದು.

ಇಂಜಿನ್ ಪೂರ್ತಿ ತಣ್ಣಗಿರಲಿ. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ಮಧ್ಯಾಹ್ನ ನಿಂತ ಗಾಡಿಯ ಇಂಜಿನ್ ತಣ್ಣಗಿದೆ ಅನ್ನಲಾಗುವುದಿಲ್ಲ, ರಾತ್ರಿ ಪೂರ್ತಿ ನಿಲ್ಲಿಸಿ ಬೆಳಿಗ್ಗೆ ಸ್ಟಾರ್ಟ್ ಮಾಡದೆ ಅಳೆಯಿರಿ. ಅಂಬಾಸಿಡರ್‌ನಲ್ಲಿ ಮುಂದಿನಿಂದ ಎಣಿಸಿದರೆ ವಾಲ್ವ್‌ಗಳು ಎಕ್ಸಾಸ್ಟ್, ಇನ್‌ಲೆಟ್, ಇನ್‌ಲೆಟ್, ಎಕ್ಸಾಸ್ಟ್, ಮತ್ತೆ ಎಕ್ಸಾಸ್ಟ್, ಇನ್‌ಲೆಟ್, ಇನ್‌ಲೆಟ್, ಎಕ್ಸಾಸ್ಟ್. ಒಂಬತ್ತರ ಲೆಕ್ಕ ಗೊತ್ತಿದ್ದರೆ ಕೆಲಸ ಸುಲಭ: 8ನೇ ವಾಲ್ವ್ ಪೂರ್ತಿ ತೆರೆದಿರುವಾಗ 1ನೇದನ್ನು ಅಳೆಯಿರಿ, 6 ತೆರೆದಿರುವಾಗ 3, 5 ತೆರೆದಿರುವಾಗ 4, ಹೀಗೆ ಎರಡೂ ಕೂಡಿದರೆ ಒಂಬತ್ತು ಬರಬೇಕು. ಸ್ಪಾರ್ಕ್ ಪ್ಲಗ್ ನಾಲ್ಕೂ ಬಿಚ್ಚಿಟ್ಟರೆ ಇಂಜಿನ್ ಕೈಯಿಂದ ಸಲೀಸಾಗಿ ತಿರುಗುತ್ತದೆ. ಈ ಇಂಜಿನ್‌ಗೆ ತಣ್ಣಗಿದ್ದಾಗ ಗ್ಯಾಪ್ 15 ಥೌ (ಇಂಚಿನ ಸಾವಿರದ ಒಂದು ಭಾಗ ಒಂದು ಥೌ), ಅಂದರೆ 0.38 ಮಿ.ಮೀ.

ಎಂಟೂ ಅಳೆದು ಬರೆದ ಮೇಲೆ ಆ ಕಾಗದವನ್ನೇ ನೋಡಿ. ಮೂರು ಥರದ ಚಿತ್ರ ಬರಬಹುದು. ಎಲ್ಲವೂ ಒಂದೆರಡು ಥೌ ಜಾಸ್ತಿ ಇದ್ದರೆ ಅದು ಸಹಜ ಸವೆತ, ಸೆಟ್ ಮಾಡಿ ಓಡಿಸಿ. ಒಂದೋ ಎರಡೋ ಮಾತ್ರ ತುಂಬಾ ಜಾಸ್ತಿ ಇದ್ದರೆ ಕೆಳಗೆ, ಕ್ಯಾಮ್ ಟ್ಯಾಪೆಟ್ ಕಡೆ ಅನುಮಾನ ಪಡಬೇಕು. ಎಕ್ಸಾಸ್ಟ್‌ಗಳಲ್ಲಿ ಮಾತ್ರ ಗ್ಯಾಪ್ ಕಡಿಮೆ ಆಗಿದ್ದರೆ, 15 ಇಟ್ಟದ್ದು 9ಕ್ಕೋ 8ಕ್ಕೋ ಇಳಿದಿದ್ದರೆ, ಸೀಟು ಇಳಿಯುತ್ತಿದೆ ಅಂತ ಅರ್ಥ, ಅಂದರೆ ಸೀಟು ಸವೆದು ವಾಲ್ವ್ ಹೆಡ್ಡಿನೊಳಗೆ ಮುಳುಗುತ್ತಿದೆ, ಅದರ ತುದಿ ರಾಕರ್ ಕಡೆ ಏರುತ್ತಿದೆ.

ಈ ಮೂರನೆಯದೇ ಅಪಾಯದ್ದು. ಯಾಕೆಂದರೆ ಅದು ಸದ್ದು ಮಾಡುವುದಿಲ್ಲ. ಗ್ಯಾಪ್ ಕಡಿಮೆ ಆದಷ್ಟೂ ಇಂಜಿನ್ ಸೈಲೆಂಟ್ ಆಗುತ್ತದೆ, “ಏನ್ ಸ್ಮೂತ್ ಆಗೈತಿ ನೋಡ್ರಿ” ಅಂತ ಖುಷಿ ಪಡುತ್ತೇವೆ. ಗ್ಯಾಪ್ ಸೊನ್ನೆಗೆ ಬಂದ ದಿನದಿಂದ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ವಾಲ್ವ್‌ನ ಶಾಖ ಬಹುಪಾಲು ಸೀಟಿನ ಮೂಲಕವೇ ಹೆಡ್‌ಗೆ ಇಳಿಯಬೇಕು, ಮುಚ್ಚದಿದ್ದರೆ ಶಾಖ ಹೋಗಲು ದಾರಿಯೇ ಇಲ್ಲ, ಅಂಚಿನಲ್ಲಿ ಬೆಂಕಿ ನುಸುಳಿ ವಾಲ್ವ್ ಸುಡುತ್ತದೆ. ಬಡಿಯುವ ಟ್ಯಾಪೆಟ್‌ಗಿಂತ ಸುಮ್ಮನಾದ ಟ್ಯಾಪೆಟ್ ನನಗೆ ಜಾಸ್ತಿ ಚಿಂತೆ ತರುತ್ತದೆ.

ಹೆಡ್ ಬಿಚ್ಚದೆ ತಿಳಿಯುವುದು

ಮೊದಲು ಕಂಪ್ರೆಷನ್ ಟೆಸ್ಟ್, ಅಂದರೆ ಪ್ಲಗ್ ತೂತಿಗೆ ಗೇಜ್ ಹಾಕಿ ಸಿಲಿಂಡರ್ ಒಳಗಿನ ಒತ್ತಡ ಅಳೆಯುವುದು. ಇಂಜಿನ್ ಬಿಸಿ ಇರಲಿ, ನಾಲ್ಕೂ ಪ್ಲಗ್ ಹೊರಗೆ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದಿರಬೇಕು, ಬ್ಯಾಟರಿ ಚೆನ್ನಾಗಿರಬೇಕು. ಒಂದು ಸಿಲಿಂಡರ್ ಉಳಿದವಕ್ಕಿಂತ ಶೇ. 15ಕ್ಕೂ ಜಾಸ್ತಿ ಕಡಿಮೆ ತೋರಿಸಿದರೆ ಆ ಪ್ಲಗ್ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಮುಳ್ಳು ಮೇಲೇರಿದರೆ ಪಿಸ್ಟನ್ ರಿಂಗು, ಬೋರು ಕಡೆ ದೋಷ. ಏರದಿದ್ದರೆ ವಾಲ್ವ್. ಪಕ್ಕಪಕ್ಕದ ಎರಡೂ ಕಡಿಮೆ ಇದ್ದರೆ ಹೆಡ್ ಗ್ಯಾಸ್ಕೆಟ್ ಇರಬಹುದು.

ವಾಲ್ವ್ ಅಂತ ಗೊತ್ತಾದರೂ ಯಾವ ವಾಲ್ವ್? ಇದಕ್ಕೆ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಸಾಕು. ಹಳೇ ಪ್ಲಗ್ ಒಂದರ ಪಿಂಗಾಣಿ ಒಡೆದು ತೆಗೆದು ಅದರ ಕಬ್ಬಿಣದ ಬಾಡಿಗೆ ಗಾಳಿ ಪೈಪಿನ ನಿಪ್ಪಲ್ ವೆಲ್ಡ್ ಮಾಡಿಸಿಕೊಳ್ಳಿ. ಪಿಸ್ಟನ್ ಕಂಪ್ರೆಷನ್‌ನ ತುತ್ತತುದಿಯಲ್ಲಿರಲಿ, ಎರಡು ವಾಲ್ವೂ ಮುಚ್ಚಿರುವ ಜಾಗ ಅದು. ಗಾಡಿ ಟಾಪ್ ಗೇರ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಗಾಳಿ ಬಿಟ್ಟ ಕೂಡಲೇ ಇಂಜಿನ್ ತಿರುಗಿಬಿಡಬಹುದು, ಫ್ಯಾನ್ ಹತ್ತಿರ ಕೈ ಬೇಡ. ಈಗ ಕಿವಿ ಕೊಡಿ. ಸೈಲೆನ್ಸರ್‌ನಲ್ಲಿ ಬುಸ್ ಅಂದರೆ ಎಕ್ಸಾಸ್ಟ್ ವಾಲ್ವ್. ಕಾರ್ಬುರೇಟರ್ ಬಾಯಲ್ಲಿ ಬಂದರೆ ಇನ್‌ಲೆಟ್. ಆಯಿಲ್ ಹಾಕುವ ಮುಚ್ಚಳದಲ್ಲಿ ಬಂದರೆ ರಿಂಗು, ರೇಡಿಯೇಟರ್‌ನಲ್ಲಿ ಗುಳ್ಳೆ ಬಂದರೆ ಗ್ಯಾಸ್ಕೆಟ್ ಅಥವಾ ಹೆಡ್ ಬಿರುಕು.

ಹೊಗೆಯನ್ನೂ ಗಮನಿಸಿ. ಇಳಿಜಾರಿನಲ್ಲಿ ಗೇರ್‌ನಲ್ಲೇ ಇಳಿದು ಬಂದು ಮತ್ತೆ ಆಕ್ಸಿಲರೇಟರ್ ಒತ್ತಿದ ಕೂಡಲೇ ನೀಲಿ ಹೊಗೆ ಬುಸ್ಸೆಂದು ಬಂದು ನಿಂತರೆ ಗೈಡು ಅಥವಾ ವಾಲ್ವ್ ಸೀಲ್. ಏರು ಹತ್ತುವಾಗ ಬಿಡದೆ ಬರುತ್ತಿದ್ದರೆ ರಿಂಗು. ಇದನ್ನು ನೋಡದೆ ಪೂರ್ತಿ ಇಂಜಿನ್ ಇಳಿಸಿದವರಿದ್ದಾರೆ.

ಸೀಟು ಯಾಕೆ ಇಳಿಯುತ್ತದೆ

ಈ ಇಂಜಿನ್‌ಗಳು ಸೀಸ ಬೆರೆಸಿದ ಪೆಟ್ರೋಲ್ ಕಾಲದವು. ಹೆಡ್ ಎರಕದ ಕಬ್ಬಿಣ, ಸೀಟನ್ನು ಆ ಕಬ್ಬಿಣದಲ್ಲೇ ನೇರ ಕಡೆದಿರುತ್ತಾರೆ. ಪೆಟ್ರೋಲಿನ ಸೀಸ ಉರಿದು ಸೀಟಿನ ಮೇಲೆ ತೆಳು ಪದರ ಕಟ್ಟುತ್ತಿತ್ತು, ಬಿಸಿ ವಾಲ್ವ್ ಮತ್ತು ಸೀಟು ಒಂದಕ್ಕೊಂದು ಕಚ್ಚಿಕೊಳ್ಳದಂತೆ ಅದು ತಡೆಯುತ್ತಿತ್ತು. 2000ದ ಫೆಬ್ರವರಿ 1ರಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲೇ. ಆ ಪದರ ಇಲ್ಲದೆ ಪ್ರತಿ ಸಲ ಮುಚ್ಚಿದಾಗಲೂ ವಾಲ್ವ್ ಸೀಟಿನಿಂದ ಕಣ್ಣಿಗೆ ಕಾಣದಷ್ಟು ಕಬ್ಬಿಣ ಕಿತ್ತು ತರುತ್ತದೆ, ದಿನ ಕಳೆದಂತೆ ವಾಲ್ವ್ ಹೆಡ್ಡಿನೊಳಗೆ ಮುಳುಗುತ್ತದೆ.

ಊರೊಳಗೆ ನಿಧಾನ ಓಡಿಸುವ ಗಾಡಿಗೆ ಇದು ಬೇಗ ಆಗುವುದಿಲ್ಲ. ಬಳ್ಳಾರಿಯಿಂದ ರಾಯಚೂರಿಗೋ ಕೊಪ್ಪಳಕ್ಕೋ ಬೇಸಿಗೆಯಲ್ಲಿ ಲೋಡ್ ಹಾಕಿ, 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಒಂದೇ ಸಮ ಓಡಿಸಿದರೆ ಬೇಗ ಆಗುತ್ತದೆ. ಅದರ ಮೇಲೆ ನಮ್ಮ ಬೋರ್ ನೀರು. ಗಡಸು ನೀರನ್ನು ರೇಡಿಯೇಟರ್‌ಗೆ ಹಾಕಿ ಹಾಕಿ ಹೆಡ್ಡಿನ ನೀರಿನ ದಾರಿಯಲ್ಲಿ ಬಿಳಿ ಪೊರೆ ಕಟ್ಟಿರುತ್ತದೆ, ಮನೆಯ ನೀರು ಕಾಯಿಸುವ ಹಂಡೆಯ ಒಳಗಿನ ಹಾಗೆ. ಟೆಂಪರೇಚರ್ ಮೀಟರ್ ಸರಿಯಾಗೇ ತೋರಿಸುತ್ತಿರುತ್ತದೆ, ಆದರೆ ಎಕ್ಸಾಸ್ಟ್ ಸೀಟಿನ ಸುತ್ತ ಶಾಖ ನೀರಿಗೆ ದಾಟುತ್ತಿರುವುದಿಲ್ಲ. ಈ ಹೆಡ್ಡಿನಲ್ಲಿ ನಡುವಿನ ಎರಡು ಎಕ್ಸಾಸ್ಟ್‌ಗೆ, ಅಂದರೆ 4 ಮತ್ತು 5ಕ್ಕೆ, ಒಂದೇ ದಾರಿ. ಎರಡು ಸಿಲಿಂಡರ್‌ನ ಬೆಂಕಿ ಒಂದೇ ಕಡೆ. ನಿಮ್ಮ ಕಾಗದದಲ್ಲಿ 4, 5ರ ಗ್ಯಾಪ್ ಮಿಕ್ಕವಕ್ಕಿಂತ ಜಾಸ್ತಿ ಇಳಿದಿದ್ದರೆ ಆಶ್ಚರ್ಯ ಬೇಡ, ಹೆಡ್ ಬಿಚ್ಚಿದಾಗ ಆ ಎರಡರ ನಡುವೆ ಬಿರುಕು ಇದೆಯಾ ಅಂತಲೂ ನೋಡಿಸಿ. ಇಗ್ನಿಷನ್ ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಹೊತ್ತು) ತಡ ಇದ್ದರೂ, ಕಾರ್ಬುರೇಟರ್ ಪೆಟ್ರೋಲ್ ಕಡಿಮೆ ಕೊಡುತ್ತಿದ್ದರೂ ಎಕ್ಸಾಸ್ಟ್ ವಾಲ್ವ್ ಅತಿಯಾಗಿ ಕಾಯುತ್ತದೆ. ಇವನ್ನು ಸರಿ ಮಾಡದೆ ಹೊಸ ವಾಲ್ವ್ ಹಾಕಿದರೆ ಅದೂ ಹಳೇದರ ದಾರಿಯನ್ನೇ ಹಿಡಿಯುತ್ತದೆ.

ಹೆಡ್ ಬಿಚ್ಚಿ ಸ್ಪ್ರಿಂಗ್ ತೆಗೆಯುವ ಮೊದಲು ವಾಲ್ವ್ ತುದಿಗಳ ಮೇಲೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ನೋಡಿ. ಸೀಟು ಇಳಿದ ವಾಲ್ವ್‌ನ ತುದಿ ಉಳಿದವಕ್ಕಿಂತ ಎತ್ತರಕ್ಕೆ ಚಾಚಿಕೊಂಡಿರುತ್ತದೆ. ಸ್ಕೇಲ್ ಅದರ ಮೇಲೆ ಕೂತು ತೊಟ್ಟಿಲಾಡುತ್ತದೆ.

ಇದಕ್ಕೆ ಪರಿಹಾರ ಲ್ಯಾಪಿಂಗ್ ಪೇಸ್ಟ್ (ವಾಲ್ವನ್ನು ಸೀಟಿಗೆ ಉಜ್ಜಿ ಕೂರಿಸುವ ಪೇಸ್ಟ್) ಅಲ್ಲ. ಪೇಸ್ಟ್ ಹಚ್ಚಿ ತಿರುವಿದಷ್ಟೂ ವಾಲ್ವ್ ಹೆಡ್ಡಿನ ಇನ್ನೂ ಒಳಗೇ ಹೋಗುತ್ತದೆ. ಎಕ್ಸಾಸ್ಟ್ ನಾಲ್ಕಕ್ಕೂ ಗಟ್ಟಿ ಸೀಟ್ ರಿಂಗ್ ಹಾಕಿಸಬೇಕು. ಇನ್‌ಲೆಟ್ ಚೆನ್ನಾಗಿದ್ದರೆ ಹಾಗೇ ಇರಲಿ, ಹೊಸ ಪೆಟ್ರೋಲ್ ಗಾಳಿ ಅದನ್ನು ತಂಪಾಗಿಡುತ್ತದೆ. ರಿಂಗ್ ಗೂಡಿಗಿಂತ ಮೂರರಿಂದ ಐದು ಥೌ ದೊಡ್ಡದಿರಬೇಕು, ಬಿಗಿಯಾಗಿ ಕೂರಬೇಕು. ಸಡಿಲ ಕೂತ ರಿಂಗ್ ಕಳಚಿ ಬಿದ್ದರೆ ಪಿಸ್ಟನ್ನೂ ಹೋಗುತ್ತದೆ. ತೀರಾ ದೊಡ್ಡ ರಿಂಗ್ ಆರಿಸಿ ಆಳಕ್ಕೆ ಕೊರೆದರೆ ನೀರಿನ ದಾರಿಗೆ ತೂತು ಬೀಳುತ್ತದೆ. ಹಾಗಾಗಿ ಹಳೇ ಕಬ್ಬಿಣದ ಹೆಡ್ಡಿಗೆ ಸೀಟು ಹಾಕಿ ರೂಢಿ ಇರುವ ಲೇತ್‌ನವರನ್ನೇ ಹುಡುಕಿ, ಬಳ್ಳಾರಿಯಲ್ಲಿ ಸಿಗದಿದ್ದರೆ ಹುಬ್ಬಳ್ಳಿಗೆ ಕಳಿಸಿದರೂ ಸರಿ.

ಕ್ರಮವೂ ಮುಖ್ಯ. ಗೈಡು ಮೊದಲು, ಸೀಟು ಆಮೇಲೆ. ಸೀಟ್ ಕಟ್ಟರ್‌ನ ಕಡ್ಡಿ ಗೈಡಿನೊಳಗೆ ಕೂತೇ ತಿರುಗುವುದು, ಗೈಡು ಸವೆದಿದ್ದರೆ ಸೀಟು ವಾರೆ ಆಗುತ್ತದೆ. ಸೀಟ್ ಕಟಿಂಗ್ ಆದ ಮೇಲೆ ಗೈಡು ಬದಲಿಸಿದರೆ ಮಾಡಿದ ಕೆಲಸ ದಂಡ.

ಎಷ್ಟು ಸೆಟ್ ಮಾಡಿದರೂ ಹೋಗದ ಸೌಂಡು

ಗ್ಯಾಪ್ 15 ಇಟ್ಟಿದ್ದೇವೆ, ಆದರೂ ಬಡಿಯುತ್ತದೆ. ಇಂಥ ಕಡೆ ರಾಕರ್‌ನ ಮೂತಿ ನೋಡಿ, ವಾಲ್ವ್ ತುದಿಯನ್ನು ಒತ್ತುವ ಆ ಉಬ್ಬು ಭಾಗ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಒತ್ತಿ ಒತ್ತಿ ಅಲ್ಲಿ ವಾಲ್ವ್ ತುದಿಯಷ್ಟೇ ಅಗಲದ ಗುಂಡಿ ಬಿದ್ದಿರುತ್ತದೆ. ಫೀಲರ್ ಗೇಜ್, ಅಂದರೆ ಗ್ಯಾಪ್ ಅಳೆಯುವ ತೆಳು ಪಟ್ಟಿ, ಅದಕ್ಕಿಂತ ಅಗಲ, ಹಾಗಾಗಿ ಅದು ಗುಂಡಿಯ ಎರಡು ಅಂಚಿನ ಮೇಲೆ ಸೇತುವೆಯಂತೆ ನಿಲ್ಲುತ್ತದೆ. ಗೇಜ್ 15 ಅನ್ನುತ್ತದೆ, ಗುಂಡಿ 8 ಥೌ ಆಳ ಇದ್ದರೆ ನಿಜವಾದ ಗ್ಯಾಪ್ 23. ಉಗುರು ಆಡಿಸಿದರೆ ಅಂಚು ಕೈಗೆ ಸಿಗುತ್ತದೆ. ಅಂಥ ರಾಕರನ್ನು ಗ್ರೈಂಡಿಂಗ್ ಕಲ್ಲಿಗೆ ಹಿಡಿಯಬೇಡಿ, ಮೇಲಿನ ಗಟ್ಟಿ ಪದರ ತೆಳ್ಳಗಿರುತ್ತದೆ, ಅದು ಹೋದರೆ ಒಳಗಿನದು ಬೇಗ ಕರಗುತ್ತದೆ.

ಶಾಫ್ಟ್ ಸವೆಯುವುದು ಕೆಳಭಾಗದಲ್ಲಿ. ಮೇಲಿನಿಂದ ನೋಡಿದರೆ ಕನ್ನಡಿಯಂತೆ ಹೊಳೆಯುತ್ತಿರುತ್ತದೆ, ರಾಕರ್‌ಗಳನ್ನು ಸರಿಸಿ ಅಡಿಗೆ ಬೆರಳಾಡಿಸಿದರೆ ಮೆಟ್ಟಿಲು ಸಿಗುತ್ತದೆ. ಸಿಕ್ಕರೆ ಶಾಫ್ಟ್ ಮತ್ತು ಬುಷ್ ಎರಡೂ ಬದಲಿಸಿ. ಇಲ್ಲಿ ಒಂದು ಎಚ್ಚರಿಕೆ: ಈ ಇಂಜಿನ್‌ನಲ್ಲಿ ರಾಕರ್ ಸ್ಟ್ಯಾಂಡಿನ ನಾಲ್ಕು ನಟ್‌ಗಳೇ ಹೆಡ್ಡನ್ನೂ ಹಿಡಿದಿರುತ್ತವೆ. ರಾಕರ್ ಮಾತ್ರ ಬಿಚ್ಚುತ್ತೇನೆ ಅಂತ ಆ ನಾಲ್ಕನ್ನೇ ಸಡಿಲಿಸಿದರೆ ಹೆಡ್ ಬಾಗುವ, ಗ್ಯಾಸ್ಕೆಟ್ ಹೋಗುವ ಸಂಭವ ಇದೆ. ನೀರು ಇಳಿಸಿ, ಹೆಡ್ಡಿನ ಎಲ್ಲಾ ನಟ್‌ಗಳನ್ನೂ ಕ್ರಮವಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ ಆಮೇಲೆ ಬಿಚ್ಚಬೇಕು. ಶಾಫ್ಟ್‌ಗೆ ಆಯಿಲ್ ಬರುವುದು ತೂತಿರುವ ಒಂದು ಸ್ಟ್ಯಾಂಡಿನ ಮೂಲಕ, ಅದನ್ನು ಅದರ ಜಾಗಕ್ಕೇ ಹಾಕಿ. ಅದಲು ಬದಲಾದರೆ ರಾಕರ್‌ಗಳು ಒಣಗಿ ಓಡುತ್ತವೆ.

ಇಂಜಿನ್ ಐಡಲ್‌ನಲ್ಲಿರುವಾಗ ಒಂದೊಂದೇ ಗ್ಯಾಪ್‌ನಲ್ಲಿ ಫೀಲರ್ ತೂರಿಸಿ. ಸೌಂಡು ನಿಂತರೆ ದೋಷ ಅಲ್ಲೇ. ಎಂಟಕ್ಕೂ ತೂರಿಸಿದರೂ ನಿಲ್ಲದಿದ್ದರೆ ಕೆಳಗೆ ಇಳಿಯಬೇಕು. ವಾಲ್ವ್ ಎಷ್ಟು ತೆರೆಯುತ್ತದೆ ಅಂತ ಡಯಲ್ ಗೇಜ್‌ನಲ್ಲಿ ಅಳೆದು ಇನ್‌ಲೆಟ್‌ಗೆ ಇನ್‌ಲೆಟ್, ಎಕ್ಸಾಸ್ಟ್‌ಗೆ ಎಕ್ಸಾಸ್ಟ್ ಹೋಲಿಸಿ. ರಾಕರ್ ಅನುಪಾತ ಸುಮಾರು 1.4, ಅಂದರೆ ಕ್ಯಾಮ್‌ನ ಮೂಗು ಒಂದು ಮಿ.ಮೀ. ಸವೆದರೆ ವಾಲ್ವ್ 1.4 ಮಿ.ಮೀ. ಕಡಿಮೆ ತೆರೆಯುತ್ತದೆ. ಪಿಕಪ್ ಇಲ್ಲ ಅಂತ ಕಾರ್ಬುರೇಟರನ್ನೇ ಬಿಚ್ಚಿ ಬಿಚ್ಚಿ ಸಾಕಾದ ಗಾಡಿಗಳಲ್ಲಿ ಇದನ್ನೊಮ್ಮೆ ನೋಡಲೇಬೇಕು. ಟ್ಯಾಪೆಟ್‌ಗಳನ್ನು ಇಂಜಿನ್ ಪಕ್ಕದ ತಗಡಿನ ಕವರ್ ತೆಗೆದು ಹೊರಗೆ ತರಬಹುದು. ತಳ ನುಣ್ಣಗೆ, ಸ್ವಲ್ಪ ಉಬ್ಬಿರಬೇಕು. ಗುಳಿ ಬಿದ್ದಿದ್ದರೆ, ಚುಕ್ಕಿ ಚುಕ್ಕಿಯಾಗಿ ಕಿತ್ತಿದ್ದರೆ ಅದರ ಕ್ಯಾಮೂ ಹೋಗಿದೆ ಅಂತಲೇ ತಿಳಿಯಿರಿ. ಚೆನ್ನಾಗಿದ್ದರೆ ಯಾವುದು ಎಲ್ಲಿಯದು ಅಂತ ನಂಬರ್ ಹಾಕಿಟ್ಟು ಅದೇ ಜಾಗಕ್ಕೆ ವಾಪಸ್ ಹಾಕಿ, ಜಾಗ ಬದಲಿಸಬೇಡಿ. ಹೊಸ ಕ್ಯಾಮ್‌ಗೆ ಹಳೇ ಟ್ಯಾಪೆಟ್ ಮಾತ್ರ ಯಾವ ಕಾರಣಕ್ಕೂ ಬೇಡ.

ಪುಶ್‌ರಾಡ್‌ಗಳನ್ನು ಗಾಜಿನ ಮೇಲೆ ಉರುಳಿಸಿ. ಬಾಗಿದ್ದು ಕುಣಿಯುತ್ತದೆ. ಅಷ್ಟೇ.

ಗೈಡು, ಧೂಳು, ಸೀಲ್

ಅದಿರು ಲಾರಿಗಳ ಹಿಂದೆ ಓಡುವ ಗಾಡಿಗಳಲ್ಲಿ ಗೈಡು ಬೇಗ ಹೋಗುತ್ತದೆ. ಸಂಡೂರಿನ ಆ ಕೆಂಪು ಧೂಳು ಹೆಮಟೈಟ್, ಕಬ್ಬಿಣದ ಅದಿರೇ, ಆಯಿಲ್ ಜೊತೆ ಸೇರಿದರೆ ಅದು ಪಾಲಿಶ್ ಪೇಸ್ಟ್. ಏರ್ ಫಿಲ್ಟರ್‌ನಿಂದ ಕಾರ್ಬುರೇಟರ್‌ವರೆಗಿನ ಪೈಪು, ಕ್ಲಿಪ್ಪು ಸಡಿಲ ಇದ್ದರೆ ಇನ್‌ಲೆಟ್ ಗೈಡು ಮೊದಲು ಸವೆಯುತ್ತದೆ. ಆಯಿಲ್ ಬಾತ್ ಫಿಲ್ಟರ್ ಇದ್ದರೆ ತಳದ ಆಯಿಲ್ ಕೆಸರಾಗುವ ಮೊದಲೇ ಬದಲಿಸಿ.

ವಾಲ್ವ್ ಅನ್ನು ಸ್ವಲ್ಪ ಎತ್ತಿ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ ನೋಡಿ. ಹೊಸದರಲ್ಲಿ ಇನ್‌ಲೆಟ್‌ಗೆ ಒಂದೂವರೆಯಿಂದ ಎರಡೂವರೆ ಥೌ ಸಡಿಲ, ಎಕ್ಸಾಸ್ಟ್‌ಗೆ ಅರ್ಧ ಥೌ ಜಾಸ್ತಿ. ಕಟಕಟ ಅನ್ನುವಷ್ಟು ಆಡಿದರೆ ಗೈಡು ಹೊಸದು ಬೇಕು, ವಾಲ್ವ್ ಕಾಂಡವನ್ನೂ ಮೇಲೆ, ನಡುವೆ, ಕೆಳಗೆ ಮೂರು ಕಡೆ ಮೈಕ್ರೋಮೀಟರ್‌ನಲ್ಲಿ ಅಳೆಯಿರಿ. ಓಡಾಟಕ್ಕಿರುವ ಗಾಡಿಗೆ ಎರಕದ ಕಬ್ಬಿಣದ ಗೈಡೇ ಸಾಕು, ಕಂಚಿನ ಗೈಡಿಗೆ ಜಾಸ್ತಿ ದುಡ್ಡು ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ವಾಲ್ವ್ ಲಾಕ್ ಕೆಳಗೆ ಒಂದು ಸಣ್ಣ ರಬ್ಬರ್ ರಿಂಗ್ ಇರುತ್ತದೆ, ಅದನ್ನು ಮರೆತರೆ ಹೊಸ ಗೈಡು ಹಾಕಿದ ಇಂಜಿನ್ನೂ ಹೊಗೆ ಬಿಡುತ್ತದೆ. ಸ್ಪ್ರಿಂಗ್ ಅದುಮಿ ಹಿಡಿದಾಗ ರಿಂಗ್ ಕೂರಿಸಿ ಆಮೇಲೆ ಲಾಕ್ ಹಾಕಿ.

ಪಾರ್ಟ್ಸ್ ಆರಿಸುವಾಗ

ಬೆಂಗಳೂರಿನ ಜೆಸಿ ರೋಡ್‌ನಲ್ಲಿ ಹುಡುಕಿದರೆ ಇವು ಇನ್ನೂ ಸಿಗುತ್ತವೆ, ಹಳೇ ಸ್ಟಾಕೂ ಸಿಗುತ್ತದೆ, ಡೂಪ್ಲಿಕೇಟೂ ಸಿಗುತ್ತದೆ. ಫೋನಿನಲ್ಲಿ “ಅಣ್ಣ, ಅಂಬಾಸಿಡರ್ ವಾಲ್ವ್ ಸೆಟ್ ಕಳಿಸಿ” ಅಂತ ಹೇಳಿ ಬಸ್ಸಿಗೆ ಹಾಕಿಸಿಕೊಳ್ಳುವ ಬದಲು ಹಳೇ ವಾಲ್ವ್ ಕೈಯಲ್ಲಿ ಹಿಡಿದೇ ಹೋಗಿ. ಉದ್ದ, ಕಾಂಡದ ದಪ್ಪ, ತಲೆಯ ಅಗಲ, ಲಾಕ್ ಕೂರುವ ಕಚ್ಚಿನ ಎತ್ತರ, ನಾಲ್ಕೂ ಹೋಲಿಸಿ. ಜೇಬಿನಲ್ಲೊಂದು ಮ್ಯಾಗ್ನೆಟ್ ಇರಲಿ. ಎಕ್ಸಾಸ್ಟ್ ವಾಲ್ವ್ ಶಾಖ ತಡೆಯುವ 21-4ಎನ್ ಸ್ಟೀಲ್‌ನದು ಅಂತ ಹೇಳಿ ದುಡ್ಡು ತೆಗೆದುಕೊಂಡರೆ ಅದರ ತಲೆಗೆ ಮ್ಯಾಗ್ನೆಟ್ ಹಿಡಿಯಬಾರದು. ಕಾಂಡಕ್ಕೆ ಹಿಡಿಯಬಹುದು, ಎರಡು ಲೋಹ ಬೆಸೆದು ಮಾಡುವುದುಂಟು. ಗಟ್ಟಿ ಸೀಟ್ ರಿಂಗ್ ಹಾಕಿಸಿ ಸಾಧಾರಣ ವಾಲ್ವ್ ಕೂರಿಸಿದರೆ ಈಗ ಸೀಟಿನ ಬದಲು ವಾಲ್ವ್ ಸವೆಯುತ್ತದೆ, ಎರಡನ್ನೂ ಜೋಡಿಯಾಗಿಯೇ ಆರಿಸಿ.

ಸ್ಪ್ರಿಂಗ್ ವಿಚಾರದಲ್ಲಿ ಜಾಸ್ತಿ ಗಟ್ಟಿಯಾದದ್ದು ಒಳ್ಳೆಯದು ಅನ್ನುವ ನಂಬಿಕೆ ಇದೆ. ನಾನು ಒಪ್ಪುವುದಿಲ್ಲ. ಈ ಇಂಜಿನ್ ಅಷ್ಟು ಸ್ಪೀಡಿನಲ್ಲಿ ತಿರುಗುವುದೇ ಇಲ್ಲ, ಗಟ್ಟಿ ಸ್ಪ್ರಿಂಗ್ ಕ್ಯಾಮ್ ಮತ್ತು ಟ್ಯಾಪೆಟ್ ತಿನ್ನುತ್ತದೆ, ಅಷ್ಟೇ ಲಾಭ. ಕಂಪನಿ ಅಳತೆಯ ಸ್ಪ್ರಿಂಗ್ ತನ್ನಿ, ಹಳೇದನ್ನು ಹೊಸದರ ಪಕ್ಕ ನಿಲ್ಲಿಸಿ, ಗಿಡ್ಡಾಗಿದ್ದರೆ, ವಾಲಿದ್ದರೆ, ತುಕ್ಕಿನ ಚುಕ್ಕಿ ಇದ್ದರೆ ಬಿಸಾಡಿ. ಸೀಟು ಕಡೆದು ವಾಲ್ವ್ ಹೆಡ್ಡಿನೊಳಗೆ ಮುಳುಗಿದ್ದರೆ ಹೊಸ ಸ್ಪ್ರಿಂಗೂ ಸಡಿಲವೇ, ಕೆಳಗೆ ವಾಷರ್ ಕೊಟ್ಟು ಎತ್ತರ ಸರಿ ಮಾಡಬೇಕು. ವಾಷರ್ ಕೊಟ್ಟ ಮೇಲೆ ವಾಲ್ವ್ ಪೂರ್ತಿ ತೆರೆದಾಗ ಸ್ಪ್ರಿಂಗ್ ಸುತ್ತುಗಳು ಒಂದಕ್ಕೊಂದು ತಾಗಬಾರದು, ಅದನ್ನು ಕೈಯಿಂದ ತಿರುಗಿಸಿ ನೋಡಿಯೇ ಮುಂದೆ ಹೋಗಿ.

ಮೊದಲ ಸ್ಟಾರ್ಟ್ ಮತ್ತು ಆಮೇಲೆ

ಕ್ಯಾಮ್, ಟ್ಯಾಪೆಟ್ ಹೊಸದಾದರೆ ಕ್ಯಾಮ್ ಮೂಗಿಗೂ ಟ್ಯಾಪೆಟ್ ತಳಕ್ಕೂ ಮಾಲಿಬ್ಡಿನಂ ಪೇಸ್ಟ್ ಹಚ್ಚಿ. ಇಗ್ನಿಷನ್ ಟೈಮಿಂಗ್, ಪೆಟ್ರೋಲ್, ನೀರು ಎಲ್ಲಾ ಮೊದಲೇ ಸರಿ ಇರಲಿ, ಯಾಕೆಂದರೆ ಸ್ಟಾರ್ಟ್ ಆದ ಕೂಡಲೇ ಐಡಲ್‌ಗೆ ಬಿಡದೆ 2000ದಿಂದ 2500 ಆರ್‌ಪಿಎಂನಲ್ಲಿ ಇಪ್ಪತ್ತು ನಿಮಿಷ ಏರಿಳಿಸುತ್ತಾ ಓಡಿಸಬೇಕು. ಐಡಲ್‌ನಲ್ಲಿ ಕ್ಯಾಮ್‌ಗೆ ಆಯಿಲ್ ಚಿಮ್ಮುವುದು ಕಡಿಮೆ, ಒತ್ತಡ ಜಾಸ್ತಿ, ಹೊಸ ಕ್ಯಾಮ್ ಮೊದಲ ದಿನವೇ ಹೋಗುವುದು ಹೀಗೆ. ಆಯಿಲ್ 20ಡಬ್ಲ್ಯು-50 ಮಿನರಲ್ ಹಾಕಿ. ಈಗಿನ ಕಾರುಗಳ ತೆಳು ಆಯಿಲ್‌ಗಳಲ್ಲಿ ಈ ಥರದ ಟ್ಯಾಪೆಟನ್ನು ಕಾಯುವ ಜಿಂಕ್, ಫಾಸ್ಫರಸ್ ಕಡಿಮೆ ಇರುತ್ತದೆ.

500 ಕಿ.ಮೀ. ಆದ ಮೇಲೆ ಆಯಿಲ್ ಬದಲಿಸಿ, ಹೆಡ್ ನಟ್‌ಗಳನ್ನು ಮ್ಯಾನುಯಲ್ ಹೇಳಿದಷ್ಟು ಟಾರ್ಕ್‌ಗೆ ಮತ್ತೆ ಬಿಗಿ ಮಾಡಿ. ಹೆಡ್ ಬಿಗಿಯಾದರೆ ಗ್ಯಾಪ್ ಕಡಿಮೆ ಆಗುತ್ತದೆ, ಹಾಗಾಗಿ ಅದಾದ ಮೇಲೆ ಎಂಟೂ ಗ್ಯಾಪ್ ಸೆಟ್ ಮಾಡಿ ತಾರೀಖು, ಕಿಲೋಮೀಟರ್ ಸಮೇತ ಬರೆದಿಡಿ. 2000 ಕಿ.ಮೀ.ಗೆ ಮತ್ತೆ ಅಳೆಯಿರಿ. ಒಂದು ಥೌ ಆಚೆ ಈಚೆ ಆದರೆ ಕೂತುಕೊಳ್ಳುತ್ತಿದೆ ಅಂತ ಬಿಡಿ. ಎಕ್ಸಾಸ್ಟ್ ಮತ್ತೆ ಮೂರು ನಾಲ್ಕು ಥೌ ಕಡಿಮೆ ಬಂದಿದ್ದರೆ ಅಡ್ಜಸ್ಟ್ ಮಾಡಿ ಓಡಿಸುತ್ತಾ ಹೋಗಬೇಡಿ, ಮೊದಲು ಟೈಮಿಂಗ್ ನೋಡಿ, ಆಮೇಲೆ ಕಾರ್ಬುರೇಟರ್, ಆಮೇಲೆ ಹೆಡ್ಡಿನ ನೀರಿನ ದಾರಿ, ಅದೂ ಸರಿ ಇದ್ದರೆ ಲೇತ್‌ನವರ ಹತ್ತಿರ ಹೋಗಿ ಯಾವ ಸೀಟ್ ರಿಂಗ್ ಹಾಕಿದ್ದು ಅಂತ ಕೇಳಿ.